ಹೊಟ್ಟೆಗೆ ಸುತ್ತಿದ ನೂಲು

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂಬ ಗಾದೆಯನ್ನು ಮೊಳಕಾಲ್ಮುರಿನ ನೇಕಾರರ ಮನೆಗಳಲ್ಲಿ ಯಾರೂ ಬಿಡಿಸಿ ಹೇಳಬೇಕಿಲ್ಲ. ರೇಷ್ಮೆ ಎಳೆ ಒರಟಾದರೆ ಸೀರೆಯೂ ಒರಟು. ಆದರೆ ನೆಲದ ಗುಂಡಿಗೆ ಕಾಲು ಇಳಿಬಿಟ್ಟು ದಿನವಿಡೀ ಲಾಳಿ ಆಡಿಸುವ ನೇಕಾರನಿಗೆ ಗಾದೆ ಹೇಳದ ಇನ್ನೊಂದು ಸಂಗತಿಯೂ ಗೊತ್ತು. ಒಂದೇ ನೂಲನ್ನು ಎರಡು ಮಗ್ಗಕ್ಕೆ ಏರಿಸಿದರೆ ಎರಡು ಬಗೆಯ ಸೀರೆ ಇಳಿಯಬಹುದು. ಹಾಸು ಎಷ್ಟು ಬಿಗಿ, ಹೊಕ್ಕು ಎಷ್ಟು ಒತ್ತು, ನೇಯುವ ಕೈ ಎಂಥದು ಎಂಬುದೂ ಸೀರೆಯಲ್ಲಿ ಕಾಣುತ್ತದೆ.

ಮೈ ದಪ್ಪಗಾಗುವ ವಿಷಯ ಬಂದಾಗ ಮಾತ್ರ ಜನ ಈ ಎರಡನ್ನೂ ಒಟ್ಟಿಗೆ ನೆನೆಯುವುದಿಲ್ಲ. ‘ನಮ್ಮ ಮನೆತನದ ಮೈಕಟ್ಟೇ ಹಂಗೆ’ ಎಂದು ಕೈಚೆಲ್ಲುವವರು ಒಂದು ಕಡೆ, ‘ಬಾಯಿ ಕಟ್ಟಿದ್ರೆ ಹಿಂಗ್ಯಾಕಾಗ್ತಿತ್ತು’ ಎಂದು ಬೆರಳು ತೋರಿಸುವವರು ಇನ್ನೊಂದು ಕಡೆ. ಮೊದಲನೆಯ ಮಾತು ಸಮಾಧಾನ ಕೊಟ್ಟು ಸುಮ್ಮನೆ ಕೂರಿಸುತ್ತದೆ. ಎರಡನೆಯದು ನೋಯಿಸುತ್ತದೆ, ಬೇರೇನನ್ನೂ ಮಾಡುವುದಿಲ್ಲ. ಜೀನುಗಳ ಕುರಿತು ಕಳೆದ ಮೂರು ನಾಲ್ಕು ದಶಕಗಳಲ್ಲಿ ನಡೆದ ಸಂಶೋಧನೆ ಎರಡನ್ನೂ ಒಪ್ಪುವುದಿಲ್ಲ. ಹೊಟ್ಟೆಗೆ ಬಿದ್ದ ಹೆಚ್ಚುವರಿ ಅನ್ನವನ್ನು ದೇಹ ಎಲ್ಲಿ, ಎಂಥ ಕೋಶದಲ್ಲಿ, ಎಷ್ಟು ಭದ್ರವಾಗಿ ಕೂಡಿಡುತ್ತದೆ ಎಂಬ ಪ್ರಶ್ನೆಯನ್ನು ಅದು ಮುಂದಿಡುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ತೆಳ್ಳನೆಯ ಕೈಕಾಲಿನ ಜನರಿಗೆ ಬಹುಶಃ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿಲ್ಲ.

ಎಣ್ಣೆ ಕೂಡಿಡುವುದು ಏನೆಂದು ಚಳ್ಳಕೆರೆಗೆ ಹೇಳಿಕೊಡಬೇಕಿಲ್ಲ. ಶೇಂಗಾ ಎಣ್ಣೆಯ ವಹಿವಾಟಿನಿಂದ ‘ಎರಡನೇ ಬಾಂಬೆ’ ಎನ್ನಿಸಿಕೊಂಡಿದ್ದ ಊರು ಅದು. ಶೇಂಗಾ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಮನುಷ್ಯನ ಕೊಬ್ಬು ಕೋಶವೂ ಒಂದು ಬಗೆಯ ಎಣ್ಣೆಬೀಜ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟಿರುವ ಈ ಕೋಶದೊಳಗೆ ಒಂದೇ ದೊಡ್ಡ ಎಣ್ಣೆ ಹನಿ ತುಂಬಿಕೊಂಡಿರುತ್ತದೆ. ಕೋಶದ ಉಳಿದ ಭಾಗವೆಲ್ಲ ಅಂಚಿಗೆ ಒತ್ತಲ್ಪಟ್ಟು ತೆಳ್ಳನೆಯ ಸಿಪ್ಪೆಯಾಗಿರುತ್ತದೆ. ಅನ್ನ ಹೆಚ್ಚಾದಾಗ ದೇಹಕ್ಕೆ ದಾರಿ ಎರಡು. ಇರುವ ಕೋಶಗಳನ್ನೇ ಹಿಗ್ಗಿಸಬೇಕು, ಇಲ್ಲವೇ ಎಳೆಯ ಮೂಲಕೋಶಗಳಿಂದ ಹೊಸ ಕೊಬ್ಬು ಕೋಶ ಹುಟ್ಟಿಸಬೇಕು. ಹೀಗೆ ಹೊಸ ಕೋಶ ಹುಟ್ಟಲು ಪಿಪಿಎಆರ್-ಗಾಮಾ ಎಂಬ ಜೀನು ಎಚ್ಚೆತ್ತುಕೊಳ್ಳಲೇಬೇಕು. ಕೊಬ್ಬು ಕೋಶದ ಯಜಮಾನ ಅದೇ ಎಂದು ಅಮೆರಿಕದ ಬ್ರೂಸ್ ಸ್ಪೀಗಲ್‌ಮನ್ ಅವರ ಪ್ರಯೋಗಾಲಯ 1994ರಲ್ಲಿ ತೋರಿಸಿತು.

ಒಬ್ಬ ಮನುಷ್ಯನಲ್ಲಿ ಇಂಥ ಕೋಶಗಳು ಎಷ್ಟು, ಅವು ಎಷ್ಟು ಕಾಲ ಬದುಕುತ್ತವೆ? ಇದಕ್ಕೆ ಉತ್ತರ ಸಿಕ್ಕಿದ್ದು ವಿಚಿತ್ರವಾದ ಒಂದು ದಾರಿಯಿಂದ. 1955ರಿಂದ 1963ರವರೆಗೆ ಬಯಲಿನಲ್ಲಿ ಸಿಡಿಸಿದ ಅಣುಬಾಂಬುಗಳಿಂದ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ ಹೆಚ್ಚಾಗಿ, ಅದು ಬೆಳೆಗಳ ಮೂಲಕ ಲೋಕದ ಎಲ್ಲರ ಮೈ ಸೇರಿತ್ತು. ಕೋಶ ಹುಟ್ಟಿದ ವರ್ಷ ಅದರ ಡಿಎನ್‌ಎಯಲ್ಲೇ ಅಚ್ಚಾಗಿತ್ತು. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಕರ್ಸ್ಟಿ ಸ್ಪಾಲ್ಡಿಂಗ್ ಮತ್ತು ಸಂಗಡಿಗರು 2008ರಲ್ಲಿ ಆ ಅಚ್ಚನ್ನು ಓದಿದರು. ಕೊಬ್ಬು ಕೋಶಗಳ ಸಂಖ್ಯೆ ಬಾಲ್ಯ ಮತ್ತು ಹರೆಯದಲ್ಲೇ ಬಹುಮಟ್ಟಿಗೆ ನಿಗದಿಯಾಗುತ್ತದೆ. ಆಮೇಲೆ ವರ್ಷಕ್ಕೆ ನೂರರಲ್ಲಿ ಸುಮಾರು 10 ಕೋಶ ಸಾಯುತ್ತವೆ, ಅಷ್ಟೇ ಹುಟ್ಟುತ್ತವೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತೂಕ ಬಹಳ ಇಳಿಸಿದವರಲ್ಲೂ ಕೋಶಗಳ ಸಂಖ್ಯೆ ಇಳಿದಿರಲಿಲ್ಲ, ಗಾತ್ರ ಮಾತ್ರ ಕುಗ್ಗಿತ್ತು. ಉಪವಾಸ ಮಾಡಿ ಸಣ್ಣಗಾದವರು ಮತ್ತೆ ದಪ್ಪಗಾದಾಗ ‘ಮನಸ್ಸು ಗಟ್ಟಿಯಿಲ್ಲ’ ಎಂದು ಹಂಗಿಸುವವರು ಈ ಸಂಗತಿಯನ್ನೊಮ್ಮೆ ನೆನೆಯಬೇಕು. ಖಾಲಿಯಾದ ಚೀಲಗಳೆಲ್ಲ ಒಳಗೆ ಹಾಗೇ ಕಾಯುತ್ತಿರುತ್ತವೆ.

ಇದರಲ್ಲಿ ವಂಶದ ಪಾಲೆಷ್ಟು? ಕೆನಡಾದ ಕ್ಲಾಡ್ ಬುಷಾರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ ಇವತ್ತಿಗೂ ಸಾಟಿಯಿಲ್ಲ. ಅವರು 12 ಜೋಡಿ ತದ್ರೂಪಿ ಅವಳಿ ಯುವಕರನ್ನು ಒಂದೇ ಕಡೆ ಇರಿಸಿ, ನೂರು ದಿನಗಳ ಪೈಕಿ 84 ದಿನ ದಿನಕ್ಕೆ 1,000 ಕ್ಯಾಲೊರಿ ಹೆಚ್ಚಾಗಿ ಉಣ್ಣಿಸಿದರು. ಎಲ್ಲರಿಗೂ ಹೆಚ್ಚುವರಿ ಊಟ ಒಂದೇ ಅಳತೆ. ಕೊನೆಗೆ ತೂಗಿದಾಗ ಒಬ್ಬ 4.3 ಕೆ.ಜಿ. ಏರಿದ್ದ, ಇನ್ನೊಬ್ಬ 13.3 ಕೆ.ಜಿ. ಏರಿದ್ದ. ಆದರೆ ಒಬ್ಬ ಹೆಚ್ಚು ಏರಿದ್ದರೆ ಅವನ ಅವಳಿಯೂ ಹೆಚ್ಚೇ ಏರಿದ್ದ. ಹೊಟ್ಟೆಯೊಳಗೆ, ಕರುಳಿನ ಸುತ್ತ ಕೂಡಿದ ಕೊಬ್ಬಿನ ವಿಷಯದಲ್ಲಿ ಅಣ್ಣತಮ್ಮಂದಿರ ಹೋಲಿಕೆ ಇನ್ನೂ ಗಾಢವಾಗಿತ್ತು. ಎಷ್ಟು ಕೂಡಿಡಬೇಕು ಎಂಬುದಕ್ಕಿಂತ ಎಲ್ಲಿ ಕೂಡಿಡಬೇಕು ಎಂಬುದರಲ್ಲಿ ರಕ್ತಸಂಬಂಧ ಹೆಚ್ಚು ಬಲವಾಗಿ ಮಾತಾಡಿತ್ತು.

ಹಸಿವೂ ಎಲ್ಲರಿಗೂ ಸಮನಲ್ಲ. ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬು ಕೋಶದಿಂದ ಹೊರಟು ‘ಉಗ್ರಾಣ ತುಂಬಿದೆ, ಸಾಕು’ ಎಂದು ಮಿದುಳಿಗೆ ತಿಳಿಸುತ್ತದೆ. ಅದರ ಜೀನನ್ನು ಜೆಫ್ರಿ ಫ್ರೀಡ್‌ಮನ್ 1994ರಲ್ಲಿ ಇಲಿಗಳಲ್ಲಿ ಕಂಡುಹಿಡಿದರು. ಮೂರು ವರ್ಷಗಳ ನಂತರ ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಎಷ್ಟುಂಡರೂ ಹಸಿವು ತೀರದ ಇಬ್ಬರು ಮಕ್ಕಳಲ್ಲಿ ಆ ಜೀನೇ ಕೆಟ್ಟಿರುವುದನ್ನು ಕಂಡರು. ಪಾಕಿಸ್ತಾನ ಮೂಲದ, ಸೋದರಿಕೆಯಲ್ಲೇ ಮದುವೆಯಾಗುತ್ತ ಬಂದ ಕುಟುಂಬದ ಮಕ್ಕಳವರು. ಲೆಪ್ಟಿನ್ ಚುಚ್ಚುಮದ್ದು ಕೊಟ್ಟ ಮೇಲೆ ಆ ಹಸಿವು ತಣಿಯಿತು. ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವುದು ಸಾಮಾನ್ಯವಾಗಿರುವ ಬಯಲುಸೀಮೆಯ ವೈದ್ಯರು ನೆನಪಿಡಬೇಕಾದ ಸಂಗತಿಯಿದು. ಎರಡು ಮೂರು ವರ್ಷಕ್ಕೇ ಅತಿಯಾಗಿ ದಪ್ಪಗಾಗಿ, ಊಟಕ್ಕಾಗಿ ಸದಾ ಅಳುವ ಮಗುವಿನ ತಾಯಿಯನ್ನು ಬಯ್ದು ಕಳಿಸುವುದು ತಪ್ಪು. ಆ ಮಗುವಿಗೆ ಜೀನ್ ಪರೀಕ್ಷೆ ಬೇಕು. ಇಂಥ ಮಕ್ಕಳು ಬಹಳ ಅಪರೂಪ ಎನ್ನುವುದೂ ನಿಜ.

ಉಳಿದ ಬಹುಪಾಲು ಜನರಲ್ಲಿ ಕೆಲಸ ಮಾಡುವುದು ಒಂದು ದೊಡ್ಡ ಜೀನಲ್ಲ, ನೂರಾರು ಸಣ್ಣ ವ್ಯತ್ಯಾಸಗಳು. ಅವುಗಳಲ್ಲಿ ಹೆಸರುವಾಸಿಯಾದದ್ದು 2007ರಲ್ಲಿ ಪತ್ತೆಯಾದ ಎಫ್‌ಟಿಒ. ಅದರ ಒಂದು ರೂಪವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಯುರೋಪಿಯನ್ನರು ಇಬ್ಬರಿಂದಲೂ ಪಡೆಯದವರಿಗಿಂತ ಸರಾಸರಿ 3 ಕೆ.ಜಿ. ಹೆಚ್ಚು ತೂಗುತ್ತಿದ್ದರು. ಹೇಗೆ ಎಂಬುದಕ್ಕೆ 2015ರಲ್ಲಿ ಒಂದು ಉತ್ತರ ಸಿಕ್ಕಿತು. ಡಿಎನ್‌ಎಯ ಆ ಜಾಗದಲ್ಲಿ ಒಂದೇ ಅಕ್ಷರ ಬದಲಾದರೆ ದೂರದ ಎರಡು ಜೀನುಗಳು ಹೆಚ್ಚು ಚುರುಕಾಗುತ್ತವೆ. ಆಗ ಎಳೆಯ ಕೋಶ ಕೊಬ್ಬನ್ನು ಉರಿಸಿ ಬಿಸಿ ಮಾಡುವ ಕೋಶವಾಗುವ ಬದಲು ಕೂಡಿಡುವ ಕೋಶವಾಗಿ ಬೆಳೆಯುತ್ತದೆ. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮನುಷ್ಯರ ಕೋಶಗಳೊಳಗಿನ ಆ ಅಕ್ಷರವನ್ನು ತಿದ್ದಿದಾಗ ಅವು ಮತ್ತೆ ಉರಿಸತೊಡಗಿದವು.

ಇಷ್ಟು ಕೇಳಿದವರು ‘ಹಾಗಾದರೆ ಎಲ್ಲ ಹಣೆಬರಹ’ ಎನ್ನಬಹುದು. ಹಾಗೆನ್ನುವ ಮೊದಲು ಶೇಂಗಾ ಹೊಲಕ್ಕೆ ಹೋಗಿಬರಬೇಕು. ಒಂದೇ ಹೊಲಕ್ಕೆ, ಒಂದೇ ಮಳೆಗೆ ಎರಡು ತಳಿ ಬಿತ್ತಿದರೆ ಇಳುವರಿಯ ವ್ಯತ್ಯಾಸವೆಲ್ಲ ತಳಿಯದು. ಒಂದೇ ತಳಿಯನ್ನು ಹದವಾದ ಮಳೆ ಬಿದ್ದ ಹೊಲಕ್ಕೂ ಮಳೆ ಕೈಕೊಟ್ಟ ಹೊಲಕ್ಕೂ ಹಾಕಿದರೆ ವ್ಯತ್ಯಾಸವೆಲ್ಲ ಮಳೆಯದು. ತೂಕದ ಏರಿಳಿತದಲ್ಲಿ ವಂಶದ ಪಾಲು ನೂರಕ್ಕೆ 40ರಿಂದ 70 ಎಂದು ಅವಳಿಗಳ ಅಧ್ಯಯನಗಳು ಹೇಳುವುದು ಮೊದಲ ಲೆಕ್ಕ, ಒಂದೇ ಕಾಲದ ಒಂದೇ ಬಗೆಯ ಬದುಕಿನ ಜನರ ನಡುವಿನ ಲೆಕ್ಕ. ಕಾಲವೇ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಆ ಅಂಕಿಯಲ್ಲಿ ಉತ್ತರವಿಲ್ಲ. ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆ ನಂಬಿ ಬಿತ್ತುವ ರೈತ ಈ ಎರಡು ಲೆಕ್ಕಗಳನ್ನು ಎಂದೂ ಕಲಸಿಕೊಳ್ಳುವುದಿಲ್ಲ. ಜೀನುಗಳ ಬಗ್ಗೆ ಬರೆಯುವವರು ಮಾತ್ರ ಪದೇ ಪದೇ ಕಲಸಿಕೊಳ್ಳುತ್ತಾರೆ.

ಕಾಲ ಬದಲಾದಾಗ ಏನಾಗುತ್ತದೆ ಎಂದು ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಕುಟುಂಬಗಳ ದೀರ್ಘ ಅಧ್ಯಯನದಲ್ಲಿ ಕಂಡುಬಂತು. 1942ಕ್ಕೆ ಮೊದಲು ಹುಟ್ಟಿದವರಲ್ಲಿ ಎಫ್‌ಟಿಒ ರೂಪಕ್ಕೂ ತೂಕಕ್ಕೂ ಸಂಬಂಧವೇ ಕಾಣಲಿಲ್ಲ. ಆಮೇಲೆ ಹುಟ್ಟಿದವರಲ್ಲಿ ಸಂಬಂಧ ಗಟ್ಟಿಯಾಗಿತ್ತು. ಜೀನು ಅದೇ, ಊಟ ಮತ್ತು ದುಡಿಮೆ ಬದಲಾದ ಮೇಲೆ ಅದಕ್ಕೆ ದನಿ ಬಂತು. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಕೂಡಿಸಿ 2011ರಲ್ಲಿ ಲೆಕ್ಕ ಹಾಕಿದಾಗ, ಮೈಬಗ್ಗಿಸಿ ದುಡಿಯುವವರಲ್ಲಿ, ವ್ಯಾಯಾಮ ಮಾಡುವವರಲ್ಲಿ ಇದೇ ಜೀನಿನಿಂದ ಬರುವ ಬೊಜ್ಜಿನ ಅಪಾಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚೇ ತಗ್ಗಿದ್ದು ಕಂಡಿತು.

ಇಲ್ಲಿಯವರೆಗಿನ ಮಾತೆಲ್ಲ ದಪ್ಪಗಾಗುವುದರ ಕುರಿತು. ಚಳ್ಳಕೆರೆ ಸೀಮೆಗೆ ಹೆಚ್ಚು ತಟ್ಟುವ ಸಂಗತಿ ಬೇರೆಯೇ ಇದೆ, ಅದು ದಪ್ಪಗಾಗದವರ ಕಥೆ.

ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಜಗತ್ತಿಗೆ ತಮ್ಮದೇ ಮೈಯನ್ನು ಉದಾಹರಣೆಯಾಗಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚಿ, ಅಂದರೆ ಬಿಎಂಐ, ಇಬ್ಬರದೂ 22.3. ಸ್ಕ್ಯಾನ್ ಮಾಡಿದಾಗ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ತಕ್ಕಡಿ ಇಬ್ಬರನ್ನೂ ಒಂದೇ ಎಂದಿತ್ತು. ಈ ವ್ಯತ್ಯಾಸ ಹುಟ್ಟಿನಿಂದಲೇ ಇರುತ್ತದೆ ಎಂಬುದಕ್ಕೆ ಪುಣೆಯ ಹಳ್ಳಿಗಳಲ್ಲೂ ಮೈಸೂರಿನಲ್ಲೂ ಸಾಕ್ಷ್ಯ ಸಿಕ್ಕಿತು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಲೂ ಹೆರಿಗೆಯ ದಾಖಲೆಗಳನ್ನು ಜೋಪಾನ ಮಾಡಿದ್ದರು. ಅಲ್ಲಿ 1997–98ರಲ್ಲಿ ಶುರುವಾದ ಪಾರ್ಥೆನಾನ್ ಅಧ್ಯಯನದಲ್ಲಿ ಡಾ. ಜಿ.ವಿ. ಕೃಷ್ಣವೇಣಿ, ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಎಳೆಗೂಸುಗಳನ್ನು ಅಳೆದರು. ಇಂಗ್ಲೆಂಡಿನ ಮಕ್ಕಳಿಗಿಂತ ಮೈಸೂರಿನ ಮಕ್ಕಳು ತೂಕದಲ್ಲಿ, ಉದ್ದದಲ್ಲಿ, ತೋಳಿನ ಸುತ್ತಳತೆಯಲ್ಲಿ ಚಿಕ್ಕವರು. ಬೆನ್ನಿನ ಹೆಗಲೆಲುಬಿನ ಕೆಳಗೆ ಚರ್ಮ ಚಿವುಟಿ ಅಳೆದ ಕೊಬ್ಬು ಮಾತ್ರ ಕಡಿಮೆಯಿರಲಿಲ್ಲ. ಆ ಗರ್ಭಿಣಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ-12 ಜೀವಸತ್ವದ ಕೊರತೆಯಿತ್ತು ಎಂಬುದೂ ಅದೇ ಅಧ್ಯಯನದಿಂದ ತಿಳಿಯಿತು. ಹೊಟ್ಟೆಯೊಳಗಿರುವಾಗಲೇ ಮಾಂಸಖಂಡ ಬಿಟ್ಟುಕೊಟ್ಟು ಕೊಬ್ಬು ಉಳಿಸಿಕೊಂಡ ಮಗುವಿದು. ಇದರಲ್ಲಿ ಜೀನಿನ ಪಾಲು ಎಷ್ಟು, ತಾಯಿಯ ತಟ್ಟೆಯ ಪಾಲು ಎಷ್ಟು ಎಂದು ಗೆರೆ ಎಳೆಯುವುದು ಕಷ್ಟ. ಆದರೆ ಪುಣೆ ಮತ್ತು ಮೈಸೂರಿನ ಜನರಲ್ಲಿ ಎಫ್‌ಟಿಒ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಿಸುವಂಥದು. ಯುರೋಪಿನಲ್ಲಿ ಈ ಜೀನು ದಪ್ಪ ಮಾಡಿ, ಆ ಮೂಲಕ ಸಕ್ಕರೆ ಕಾಯಿಲೆ ತರುವಂತೆ ಕಂಡಿತ್ತು. ಇಲ್ಲಿ ಕಾಯಿಲೆಯೊಂದಿಗಿನ ಅದರ ನಂಟನ್ನು ತೂಕವೊಂದರಿಂದಲೇ ವಿವರಿಸಲಾಗಲಿಲ್ಲ.

ಇದಕ್ಕೆ ಕಾರಣ ಕೊಬ್ಬು ಕೋಶದ ಇನ್ನೊಂದು ಗುಣದಲ್ಲಿದೆ. ಕೊಬ್ಬು ಕೂಡುವುದೇ ರೋಗ ಎಂಬುದು ಸಾಮಾನ್ಯ ನಂಬಿಕೆ. ಆದರೆ 2007ರಲ್ಲಿ ಫಿಲಿಪ್ ಶೆರರ್ ಅವರ ಪ್ರಯೋಗಾಲಯ ಅಡಿಪೊನೆಕ್ಟಿನ್ ಎಂಬ ಹಾರ್ಮೋನು ಹೆಚ್ಚು ಸುರಿಸುವ ಇಲಿಗಳನ್ನು ರೂಪಿಸಿತು. ಚರ್ಮದಡಿಯಲ್ಲಿ ಸಣ್ಣ ಸಣ್ಣ ಹೊಸ ಕೋಶಗಳು ಹುಟ್ಟುತ್ತ ಹೋಗಿ ಅವು ಕಂಡುಕೇಳರಿಯದಷ್ಟು ದಪ್ಪಗಾದವು, ಆದರೂ ಅವುಗಳ ರಕ್ತದ ಸಕ್ಕರೆ ಹದ್ದಿನಲ್ಲೇ ಇತ್ತು. ಭದ್ರವಾದ ಉಗ್ರಾಣವಿದ್ದರೆ ಸರಕು ಹೆಚ್ಚಾದರೂ ಬೀದಿಗೆ ಬೀಳುವುದಿಲ್ಲ. ಉಗ್ರಾಣ ಚಿಕ್ಕದಾದರೆ ಇರುವ ಕೋಶಗಳು ಬಿರಿಯುವಷ್ಟು ಹಿಗ್ಗುತ್ತವೆ, ಉರಿಯೂತ ಶುರುವಾಗುತ್ತದೆ, ಎಣ್ಣೆ ಸೋರಿ ಲಿವರಿಗೆ, ಮಾಂಸಖಂಡಕ್ಕೆ, ಕರುಳಿನ ಸುತ್ತಲಿಗೆ ಹೋಗಿ ಕೂರುತ್ತದೆ. ಇನ್ಸುಲಿನ್ ಹೇಳಿದ ಮಾತನ್ನು ಆ ಅಂಗಗಳು ಕೇಳುವುದಿಲ್ಲ. ಸಕ್ಕರೆ ಕಾಯಿಲೆಗೆ ನಮ್ಮಲ್ಲಿ ಬರೆದುಕೊಡುವ ಪಿಯೋಗ್ಲಿಟಜೋನ್ ಮಾತ್ರೆ ಕೆಲಸ ಮಾಡುವುದೂ ಇದೇ ದಾರಿಯಲ್ಲಿ. ಅದು ಪಿಪಿಎಆರ್-ಗಾಮಾವನ್ನು ಎಬ್ಬಿಸಿ ಕೊಬ್ಬು ಕೋಶಗಳಿಗೆ ಹೆಚ್ಚು ಜಾಗ ಮಾಡಿಕೊಡುತ್ತದೆ. ಮಾತ್ರೆ ನುಂಗಿದವರ ತೂಕ ತುಸು ಏರುತ್ತದೆ, ಸಕ್ಕರೆ ಇಳಿಯುತ್ತದೆ. ದಪ್ಪ ಮಾಡುವ ಮಾತ್ರೆಯೇ ಸಕ್ಕರೆ ಇಳಿಸುವುದಾದರೆ ‘ಸಣ್ಣಗಿದ್ದೀನಿ, ನನಗೇನೂ ಇಲ್ಲ’ ಎಂಬ ಧೈರ್ಯಕ್ಕೆ ಆಧಾರ ಎಲ್ಲಿ?

ಈ ಮೈಕಟ್ಟಿಗೆ ಒಂದು ಆಕರ್ಷಕ ಕಾರಣ ಹೇಳುವವರಿದ್ದಾರೆ, ಅದುವೇ ಬರ. ಅಮೆರಿಕದ ಜೇಮ್ಸ್ ನೀಲ್ 1962ರಲ್ಲಿ ‘ಜಿಪುಣ ಜೀನು’ ಎಂಬ ಕಲ್ಪನೆ ಮುಂದಿಟ್ಟರು. ಬರಗಾಲಗಳಲ್ಲಿ ಕೊಬ್ಬು ಕೂಡಿಟ್ಟವರು ಉಳಿದರು, ಮಿಕ್ಕವರು ಅಳಿದರು, ಹೀಗಾಗಿ ಕೂಡಿಡುವ ಜೀನು ಇಂದಿಗೂ ಹರಿದುಬಂದಿದೆ ಎಂಬ ವಾದ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಅಶೋಕನ ಶಾಸನಗಳಿಗಿಂತಲೂ ಹಿಂದಿನ, ಕಲ್ಲಿನ ಕೊಡಲಿಯ ಕಾಲದ ಬದುಕಿನ ಪದರಗಳು ಸಿಕ್ಕವು. ಅಷ್ಟು ಹಿಂದಿನಿಂದ ಮಳೆ ಕಡಿಮೆಯ ಈ ನೆಲದಲ್ಲಿ ಜನ ಬಾಳುತ್ತ ಬಂದಿದ್ದಾರೆ. ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಅಂದರೆ 1876–78ರಲ್ಲಿ, ಮೈಸೂರು ಸೀಮೆ ಕಂಡ ಸಾವು ಗಣತಿಯಲ್ಲೇ ಇದೆ. 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 42 ಲಕ್ಷಕ್ಕಿಂತ ಕೆಳಗಿಳಿದಿತ್ತು. ಇಂಥ ನೆಲದಲ್ಲಿ ನೀಲ್ ಅವರ ಕಥೆ ತಟ್ಟನೆ ಮನಸ್ಸಿಗೆ ಹತ್ತುತ್ತದೆ.

ಆದರೂ ಅದನ್ನು ಒಪ್ಪುವುದು ಕಷ್ಟ. ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಸ್ಪೀಕ್‌ಮನ್ ಎತ್ತಿದ ಆಕ್ಷೇಪಗಳಿಗೆ ಸಮರ್ಪಕ ಉತ್ತರ ಬಂದಿಲ್ಲ. ಬರದಲ್ಲಿ ಹೆಚ್ಚಾಗಿ ಸಾಯುವವರು ಎಳೆಯ ಮಕ್ಕಳು ಮತ್ತು ಮುದುಕರು. ಅವರನ್ನು ಕೊಲ್ಲುವುದು ಬರಿ ಹಸಿವಲ್ಲ, ಅದರ ಬೆನ್ನಿಗೆ ಬರುವ ಕಾಲರಾ, ಭೇದಿ, ಜ್ವರ. ದಪ್ಪ ಮಾಡುವ ಜೀನು ಅಷ್ಟೊಂದು ಬದುಕಿಸುವಂಥದಾಗಿದ್ದರೆ ಸಾವಿರಾರು ವರ್ಷಗಳಲ್ಲಿ ಅದು ಎಲ್ಲರಲ್ಲೂ ಇರಬೇಕಿತ್ತು, ಹಾಗೇನೂ ಇಲ್ಲ. ಇನ್ನೊಂದು ಮಾತನ್ನು ಸೇರಿಸಬೇಕು. ಗಂಜಿ ಕೇಂದ್ರದ ಮುಂದೆ ಯಾರು ಉಳಿದರು ಎಂಬುದನ್ನು ಧಾನ್ಯ ಯಾರ ಹಗೇವಿನಲ್ಲಿತ್ತು, ಸರ್ಕಾರ ಯಾವಾಗ ಕಣ್ಣು ತೆರೆಯಿತು ಎಂಬುದು ನಿರ್ಧರಿಸಿತ್ತು. ಅದನ್ನು ಜೀನಿನ ಲೆಕ್ಕಕ್ಕೆ ಬರೆದರೆ ಸತ್ತವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ವಂಶ ಒಂದೇ ಇದ್ದು ಬದುಕು ಬೇರೆಯಾದರೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಎಚ್‌ಎಂಟಿ ಸೇರಿದಂತೆ ದೇಶದ ನಾಲ್ಕು ನಗರಗಳ ಕಾರ್ಖಾನೆಗಳಲ್ಲಿ, ಹಳ್ಳಿ ಬಿಟ್ಟು ಬಂದ ಕಾರ್ಮಿಕರನ್ನೂ ಅವರ ಸಂಗಾತಿಗಳನ್ನೂ 2005–07ರಲ್ಲಿ ಅಳೆದರು. ಪ್ರತಿಯೊಬ್ಬರಿಗೂ ಜೋಡಿಯಾಗಿ ಅಳೆದದ್ದು ಹಳ್ಳಿಯಲ್ಲೇ ಉಳಿದ ಒಡಹುಟ್ಟಿದವರನ್ನು. ಹಳ್ಳಿಯ ಗಂಡಸರಲ್ಲಿ ಬೊಜ್ಜು ಶೇ 19, ವಲಸೆ ಬಂದವರಲ್ಲಿ ಶೇ 37.8, ನಗರದಲ್ಲೇ ಹುಟ್ಟಿದವರಲ್ಲಿ ಶೇ 41.9. ಸಕ್ಕರೆ ಕಾಯಿಲೆ ಹಳ್ಳಿಯಲ್ಲಿ ಶೇ 6.2, ವಲಸಿಗರಲ್ಲಿ ಶೇ 14.3. ಒಂದೇ ತಾಯಿಯ ಹಾಲು ಕುಡಿದವರು, ಒಂದೇ ನೂಲು. ಮಗ್ಗ ಬದಲಾಗಿ ಸೀರೆ ಬದಲಾಯಿತು.

ಈಗ ಆ ಮಗ್ಗ ಬಸ್ಸು ಹತ್ತದೆಯೇ ಹಳ್ಳಿಗೆ ಬಂದಿದೆ. ನವಣೆ, ಸಜ್ಜೆ, ರಾಗಿ ಬೆಳೆದು ಉಣ್ಣುತ್ತಿದ್ದ ಮನೆಗಳ ತಟ್ಟೆಯಲ್ಲಿ ಪಡಿತರದ ಬಿಳಿ ಅನ್ನ ಮೊದಲ ಜಾಗ ಹಿಡಿದಿದೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ಹಿಮ್ಮೆಟ್ಟಿಸಿದ ಯೋಜನೆ, ಅದನ್ನು ದೂರುವುದು ಸಲ್ಲದು. ಅಕ್ಕಿಯ ಜೊತೆಗೆ ರಾಗಿಯೂ ಬೇಳೆಯೂ ಅಷ್ಟೇ ಧಾರಾಳವಾಗಿ ಬರಲಿ ಎಂದು ಕೇಳುವುದು ಸಲ್ಲುತ್ತದೆ. 1994ರಲ್ಲಿ ಎಣ್ಣೆಯ ಆಮದು ಸಡಿಲವಾದ ಮೇಲೆ ಶೇಂಗಾ ಸೀಮೆಯ ಅಂಗಡಿಗಳಲ್ಲೂ ತಾಳೆ ಎಣ್ಣೆಯ ಪ್ಯಾಕೆಟ್ಟುಗಳು ತುಂಬಿದವು. ಎಣ್ಣೆ ಅಗ್ಗವಾದಷ್ಟೂ ಕರಿದ ತಿಂಡಿ ಅಗ್ಗ. ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಹಿಂದೆ ಸಂತೆಯ ದಿನದ ಸುಖವಾಗಿತ್ತು, ಈಗ ದಿನದ ಅಭ್ಯಾಸ. ಕುರಿ ಹಿಂದೆ ಹತ್ತಾರು ಮೈಲಿ ನಡೆಯುತ್ತಿದ್ದವರ ಮಕ್ಕಳು ಬೈಕಿನಲ್ಲಿ ಓಡಾಡುತ್ತಾರೆ. ಕಷ್ಟದ ದುಡಿಮೆ ತಪ್ಪಿದ್ದು ಒಳ್ಳೆಯದೇ. ಆದರೆ ಚಿಕ್ಕ ಉಗ್ರಾಣದ ಮೈಗೆ ಸರಕು ಒಮ್ಮೆಲೇ ಬಂದು ಬಿದ್ದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರಲ್ಲೂ ಹೆಂಗಸರಲ್ಲೂ ನೂರಕ್ಕೆ ಸುಮಾರು 30 ಮಂದಿಯ ತೂಕ ಹೆಚ್ಚು. ಅದು ತಕ್ಕಡಿಗೆ ಕಂಡವರ ಲೆಕ್ಕ ಮಾತ್ರ. ಐಸಿಎಂಆರ್ ನೆರವಿನ ದೇಶವ್ಯಾಪಿ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾದಾಗ ತೂಕದ ಲೆಕ್ಕದಲ್ಲಿ ಬೊಜ್ಜು ಶೇ 28.6 ಇದ್ದರೆ, ಹೊಟ್ಟೆಯ ಸುತ್ತಳತೆಯ ಲೆಕ್ಕದಲ್ಲಿ ಶೇ 39.5 ಇತ್ತು.

ನಗರದ ಕಂಪನಿಗಳು ಈಗ ಜೊಲ್ಲು ಪಡೆದು ‘ನಿಮ್ಮ ಬೊಜ್ಜಿನ ಜೀನು’ ಎಂದು ಸಾವಿರಾರು ರೂಪಾಯಿಗೆ ವರದಿ ಮಾರುತ್ತಿವೆ. ಸಾಮಾನ್ಯ ಜನರಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ. ನೂರಾರು ಜೀನುಗಳ ಅಂಕ ಕೂಡಿಸುವ ಈ ಲೆಕ್ಕಗಳು ಬಹುಪಾಲು ಯುರೋಪಿನ ಜನರ ಮೇಲೆ ಕಟ್ಟಿದವು, ಅವುಗಳ ಕಣ್ಣು ತೂಕದ ಮೇಲೆ. ಅದಕ್ಕಿಂತ ಉತ್ತಮವಾದ ಸಾಧನ ಆಶಾ ಕಾರ್ಯಕರ್ತೆಯ ಚೀಲದಲ್ಲಿ ಆಗಲೇ ಇದೆ. 30 ವರ್ಷ ದಾಟಿದ ಪ್ರತಿಯೊಬ್ಬರಿಗೂ ಅವರು ತುಂಬಬೇಕಾದ ಸರ್ಕಾರಿ ನಮೂನೆಯಲ್ಲಿ ಹೊಟ್ಟೆಯ ಸುತ್ತಳತೆಗೆ ಅಂಕವಿದೆ. ಹೆಂಗಸರಿಗೆ 80 ಸೆಂ.ಮೀ. ದಾಟಿದರೆ 1, 90 ದಾಟಿದರೆ 2. ಗಂಡಸರಿಗೆ ಆ ಗೆರೆಗಳು 90 ಮತ್ತು 100. ತಂದೆ ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಬಿಪಿ, ಸಕ್ಕರೆ, ಹೃದಯದ ಕಾಯಿಲೆ ಇದೆಯೇ ಎಂಬ ಪ್ರಶ್ನೆಗೂ 2 ಅಂಕ. ಕಾಸು ಖರ್ಚಿಲ್ಲದ ಜೀನ್ ಪರೀಕ್ಷೆ ಎಂದರೆ ಅದೇ ಪ್ರಶ್ನೆ. ಒಟ್ಟು ಅಂಕ 4 ದಾಟಿದವರನ್ನು ಮೊದಲು ತಪಾಸಣೆಗೆ ಕಳಿಸಬೇಕು.

ಆ ಟೇಪು ಎಲ್ಲರ ಸೊಂಟಕ್ಕೂ ಸುತ್ತುತ್ತದೆಯೇ, ಅಥವಾ ‘ಈತ ಸಣ್ಣಗಿದ್ದಾನೆ’ ಎಂದು ಕಣ್ಣಂದಾಜಿಗೇ ಮುಗಿಯುತ್ತದೆಯೇ ಎಂಬುದರಲ್ಲಿ ಎಲ್ಲವೂ ಇದೆ. ಗಂಡಸರು ಹೊಲದಲ್ಲಿರುವ ಹೊತ್ತಿಗೆ ಮನೆಗೆ ಬರುವ ಆಶಾ ಕಾರ್ಯಕರ್ತೆ ಅವರನ್ನು ಅಳೆಯುವುದು ಹೇಗೆ ಎಂದು ಇಲಾಖೆ ಯೋಚಿಸಬೇಕು. ಸಂಜೆ ಹೊತ್ತಿನಲ್ಲೋ, ಹಾಲಿನ ಡೇರಿಯ ಮುಂದೋ, ನಾಯಕನಹಟ್ಟಿ ಜಾತ್ರೆಯಲ್ಲೋ ಗಂಡಸು ಕಾರ್ಯಕರ್ತರಿಂದ ಅದನ್ನು ಮಾಡಿಸಬಹುದು. ಅಳೆದ ಅಂಕಿಗಳು ನಮೂನೆಯಲ್ಲೇ ಕೊಳೆಯಬಾರದು. ಎರಡೂ ತಾಲ್ಲೂಕುಗಳಲ್ಲಿ ಬಿಎಂಐ 23ರೊಳಗಿದ್ದೂ ಸುತ್ತಳತೆಯ ಗೆರೆ ದಾಟಿದವರು ಎಷ್ಟು ಎಂದು ಪ್ರತ್ಯೇಕವಾಗಿ ಎಣಿಸಬೇಕು, ಹಟ್ಟಿಗಳಲ್ಲಿ ಎಷ್ಟು, ನೇಕಾರರ ಕೇರಿಗಳಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿಡಬೇಕು. ಅಮೃತಮಹಲ್ ಕಾವಲಿನ ನೆಲದಲ್ಲೇ, ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಮೈಸೂರಿನ ಒಂದು ಆಸ್ಪತ್ರೆಯ ಹಳೆಯ ಹೆರಿಗೆ ಪುಸ್ತಕಗಳಿಂದ ಅಷ್ಟು ತಿಳಿಯಲು ಸಾಧ್ಯವಾಗಿದ್ದರೆ, ಈ ನಮೂನೆಗಳನ್ನು ಆ ಆವರಣಕ್ಕೆ ಒಯ್ದು ಓದಿಸಿದರೆ ಎಷ್ಟೊಂದು ತಿಳಿಯಬಹುದು.